ರಸ್ತೆ ಸಂಶೋಧನಾ ಪ್ರಯೋಗಾಲಯ (ಬ್ರಿಟನ್)

ರಸ್ತೆ ಸಂಶೋಧನಾ ಪ್ರಯೋಗಾಲಯವು ಬ್ರಿಟನ್ನಿನಲ್ಲಿ ಸರ್ಕಾರಿ ಅನುದಾನದಿಂದ ನಡೆಯುತ್ತಿದ್ದ ಸಂಶೋಧನಾ ಸಂಸ್ಥೆ. ರಸ್ತೆ ನಿರ್ಮಾಣ, ಅಪಘಾತ ತಡೆ ಮತ್ತು ವಾಹನ ದಟ್ಟಣೆ ಇದರ ಮುಖ್ಯ ಅಧ್ಯಯನ ಕ್ಷೇತ್ರಗಳಾಗಿದ್ದವು. ಜಗತ್ತಿನ ಅನೇಕ ನಗರಗಳ ಸಿಗ್ನಲ್ ವ್ಯವಸ್ಥೆಗೆ ಆಧಾರವಾದ ಸೂತ್ರಗಳು ಇಲ್ಲಿಯೇ ರೂಪುಗೊಂಡವು. ಇದರ ತಾಂತ್ರಿಕ ಶಿಫಾರಸುಗಳು ಬಹುಬೇಗ ಬಳಕೆಗೆ ಬಂದವು; ಆದರೆ ರಸ್ತೆ ಬಳಕೆಗೆ ಶುಲ್ಕ ವಿಧಿಸುವ ಸಲಹೆ ಲಂಡನ್ನಿನಲ್ಲಿ ಜಾರಿಯಾಗಲು ಸುಮಾರು ನಾಲ್ಕು ದಶಕಗಳು ಬೇಕಾದವು.

ಇತಿಹಾಸ

1930ರಲ್ಲಿ ಸಾರಿಗೆ ಸಚಿವಾಲಯವು ಲಂಡನ್ನಿನ ಪಶ್ಚಿಮಕ್ಕಿರುವ ಹಾರ್ಮಂಡ್ಸ್‌ವರ್ತ್‌ನಲ್ಲಿ ಒಂದು ಪ್ರಾಯೋಗಿಕ ಕೇಂದ್ರವನ್ನು ಆರಂಭಿಸಿತು. 1933ರಲ್ಲಿ ಅದು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಗೆ ವರ್ಗಾವಣೆಗೊಂಡು ಈ ಹೆಸರನ್ನು ಪಡೆಯಿತು. ಮೊದಲಿಗೆ ಡಾಂಬರು, ಕಾಂಕ್ರೀಟು, ಮಣ್ಣಿನ ಪರೀಕ್ಷೆಗಳೇ ಪ್ರಧಾನವಾಗಿದ್ದವು. ಸಂಚಾರ ಮತ್ತು ಸುರಕ್ಷತೆಯ ಅಧ್ಯಯನವು ಎರಡನೆಯ ಮಹಾಯುದ್ಧದ ನಂತರ ಸೇರ್ಪಡೆಯಾಯಿತು.

ದಟ್ಟಣೆಯ ಗಣಿತ

ಪ್ರಯೋಗಾಲಯದ ಜಾನ್ ಗ್ಲೆನ್ ವಾರ್ಡ್ರಪ್ 1952ರಲ್ಲಿ ಎರಡು ತತ್ತ್ವಗಳನ್ನು ಮಂಡಿಸಿದರು. ಪ್ರತಿಯೊಬ್ಬ ಚಾಲಕನೂ ತನಗೆ ಬೇಗ ತಲುಪಿಸುವ ದಾರಿಯನ್ನು ಆಯ್ದುಕೊಂಡರೆ, ಕೊನೆಗೆ ಬಳಕೆಯಲ್ಲಿರುವ ಎಲ್ಲ ದಾರಿಗಳ ಪ್ರಯಾಣಕಾಲವೂ ಸಮನಾಗುತ್ತದೆ ಎಂಬುದು ಮೊದಲನೆಯದು. ಎಲ್ಲರ ಸರಾಸರಿ ಪ್ರಯಾಣಕಾಲ ಅತ್ಯಂತ ಕಡಿಮೆಯಾಗುವ ಹಂಚಿಕೆ ಎರಡನೆಯದು. ಈ ಎರಡೂ ಸ್ಥಿತಿಗಳು ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಪ್ರತಿಯೊಬ್ಬರೂ ಜಾಣತನದಿಂದಲೇ ನಡೆದುಕೊಂಡರೂ ಊರಿನ ಒಟ್ಟು ಸಮಯ ನಷ್ಟವಾಗಬಲ್ಲದು ಎಂಬುದು ಇದರ ತಾತ್ಪರ್ಯ.

1958ರಲ್ಲಿ ಎಫ್. ವಿ. ವೆಬ್‌ಸ್ಟರ್ ಸಿಗ್ನಲ್ ದೀಪಗಳ ಕಾಲ ನಿರ್ಣಯ ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಅವರ ಸೂತ್ರ ಹೀಗಿದೆ:

ಸೂಕ್ತ ಆವರ್ತ ಕಾಲ = (1.5 × ನಷ್ಟಕಾಲ + 5) ÷ (1 − ಹರಿವಿನ ಅನುಪಾತಗಳ ಮೊತ್ತ)

ಇಲ್ಲಿ ನಷ್ಟಕಾಲವೆಂದರೆ ದೀಪ ಬದಲಾಗುವಾಗ ಯಾವ ವಾಹನವೂ ಸಾಗದೆ ವ್ಯರ್ಥವಾಗುವ ಸೆಕೆಂಡುಗಳು. ಪ್ರತಿ ಹಂತದಲ್ಲಿ ಬರುವ ವಾಹನಗಳಿಗೂ ರಸ್ತೆ ಗರಿಷ್ಠವಾಗಿ ಸಾಗಿಸಬಲ್ಲ ವಾಹನಗಳಿಗೂ ಇರುವ ಪ್ರಮಾಣವೇ ಹರಿವಿನ ಅನುಪಾತ. ಉದಾಹರಣೆಗೆ ನಷ್ಟಕಾಲ 10 ಸೆಕೆಂಡು, ಅನುಪಾತಗಳ ಮೊತ್ತ 0.6 ಆಗಿದ್ದರೆ ಆವರ್ತ ಕಾಲ 50 ಸೆಕೆಂಡು. ಮೊತ್ತವು 0.8ಕ್ಕೆ ಏರಿದರೆ ಅದು 100 ಸೆಕೆಂಡಾಗುತ್ತದೆ. 1ನ್ನು ಸಮೀಪಿಸಿದಾಗ ಯಾವ ಆವರ್ತವೂ ಸಾಲದು. ಭಾರತದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಈ ಸೂತ್ರವನ್ನು ಕಲಿಯುತ್ತಾರೆ.

ಅನೇಕ ಸಿಗ್ನಲ್‌ಗಳನ್ನು ಪರಸ್ಪರ ಹೊಂದಿಸುವ ಟ್ರಾನ್ಸಿಟ್ ಎಂಬ ಗಣಕ ಕ್ರಮವಿಧಿಯನ್ನು ಡೆನ್ನಿಸ್ ರಾಬರ್ಟ್‌ಸನ್ 1969ರ ವರದಿಯಲ್ಲಿ ವಿವರಿಸಿದರು. ರಸ್ತೆಯಲ್ಲಿ ಹುಗಿದ ಸಂವೇದಕಗಳಿಂದ ವಾಹನಗಳನ್ನು ಗುರುತಿಸಿ, ಹಸಿರು ದೀಪದ ಅವಧಿಯನ್ನು ಆಗಿಂದಾಗಲೇ ಬದಲಿಸುವ ಸ್ಕೂಟ್ ವ್ಯವಸ್ಥೆ ಇದರ ಮುಂದುವರಿಕೆ. ಕಿರು ವೃತ್ತಗಳ ರೂಪಕರ್ತರಾದ ಫ್ರಾಂಕ್ ಬ್ಲ್ಯಾಕ್‌ಮೋರ್ ಸಹ ಇದೇ ಸಂಸ್ಥೆಯವರು.

ಸ್ಮೀಡ್ ವರದಿ

ಸಂಸ್ಥೆಯ ಉಪನಿರ್ದೇಶಕರಾಗಿದ್ದ ರೂಬೆನ್ ಸ್ಮೀಡ್ ಅವರ ಅಧ್ಯಕ್ಷತೆಯಲ್ಲಿ ಸಾರಿಗೆ ಸಚಿವಾಲಯವು 1962ರಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. 1964ರಲ್ಲಿ ಅದರ ವರದಿ ಪ್ರಕಟವಾಯಿತು. ದಟ್ಟಣೆಯ ರಸ್ತೆಗೆ ಇಳಿಯುವ ಚಾಲಕನು ತನ್ನ ಸಮಯ ಮತ್ತು ಇಂಧನವನ್ನು ಲೆಕ್ಕಿಸುತ್ತಾನೆ, ತನ್ನಿಂದ ಇತರರಿಗಾಗುವ ವಿಳಂಬವನ್ನು ಲೆಕ್ಕಿಸುವುದಿಲ್ಲ; ಆದ್ದರಿಂದ ಸ್ಥಳ ಮತ್ತು ವೇಳೆಗೆ ತಕ್ಕಂತೆ ಶುಲ್ಕ ವಿಧಿಸಬೇಕೆಂಬುದು ವರದಿಯ ವಾದ. ಶುಲ್ಕವು ಸರಳವಾಗಿರಬೇಕು, ನ್ಯಾಯಯುತವಾಗಿರಬೇಕು, ದರವು ಚಾಲಕನಿಗೆ ಮುಂಚಿತವಾಗಿಯೇ ತಿಳಿದಿರಬೇಕು ಎಂಬ ನಿಬಂಧನೆಗಳನ್ನೂ ಅದು ಹೇಳಿತು.

ಬ್ರಿಟನ್ ಸರ್ಕಾರ ಇದನ್ನು ಕಾರ್ಯಗತಗೊಳಿಸಲಿಲ್ಲ. ನಗರ ಕೇಂದ್ರಕ್ಕೆ ಪ್ರವೇಶ ಶುಲ್ಕವನ್ನು ಮೊದಲು ಜಾರಿಗೆ ತಂದ ದೊಡ್ಡ ನಗರ ಸಿಂಗಾಪುರ, 1975ರಲ್ಲಿ. ಹಾಂಗ್‌ಕಾಂಗ್‌ನಲ್ಲಿ 1983ರಿಂದ 1985ರವರೆಗೆ ನಡೆದ ವಿದ್ಯುನ್ಮಾನ ಶುಲ್ಕದ ಪ್ರಯೋಗ ತಾಂತ್ರಿಕವಾಗಿ ಯಶಸ್ವಿಯಾದರೂ, ವಾಹನಗಳ ಚಲನವಲನ ಸರ್ಕಾರಕ್ಕೆ ತಿಳಿಯುತ್ತದೆಂಬ ಆಕ್ಷೇಪಣೆ ಮುಂತಾದ ಕಾರಣಗಳಿಂದ ನಿಂತುಹೋಯಿತು. ಲಂಡನ್ನಿನಲ್ಲಿ 2003ರ ಫೆಬ್ರವರಿ 17ರಂದು, ಮೇಯರ್ ಕೆನ್ ಲಿವಿಂಗ್‌ಸ್ಟನ್ ಅವರ ಆಡಳಿತದಲ್ಲಿ, ದಿನಕ್ಕೆ 5 ಪೌಂಡ್ ಶುಲ್ಕ ಆರಂಭವಾಯಿತು. ಆರಂಭದಲ್ಲಿ ವಿಳಂಬ ಗಣನೀಯವಾಗಿ ತಗ್ಗಿತು. ಬಳಿಕ ರಸ್ತೆ ಅಗೆತ ಮೊದಲಾದ ಕಾರಣಗಳಿಂದ ಪುನಃ ಹೆಚ್ಚಿತು. ಆದ್ದರಿಂದ ಶುಲ್ಕದ ಫಲದ ಕುರಿತ ಚರ್ಚೆ ಮುಗಿದಿಲ್ಲ.

ಅನುದಾನದ ಸ್ವರೂಪ ಬದಲಾವಣೆ

1971ರ ರಾತ್ಸ್‌ಚೈಲ್ಡ್ ವರದಿಯು ಸರ್ಕಾರಿ ಅನ್ವಯಿಕ ಸಂಶೋಧನೆಯಲ್ಲಿ ಇಲಾಖೆಯು ಗ್ರಾಹಕನಂತೆಯೂ ಸಂಶೋಧಕರು ಗುತ್ತಿಗೆದಾರರಂತೆಯೂ ವರ್ತಿಸಬೇಕೆಂದು ಸೂಚಿಸಿತು. ಪ್ರಶ್ನೆಯನ್ನು ಯಾರು ಆರಿಸಬೇಕು ಎಂಬುದೇ ಇಲ್ಲಿನ ತಿರುಳು: ವಾರ್ಡ್ರಪ್ ಅವರ ತತ್ತ್ವಗಳನ್ನು ಯಾವ ಇಲಾಖೆಯೂ ಮುಂಗಡವಾಗಿ ಬೇಡಿಕೆಯಿಟ್ಟು ಪಡೆಯುವುದು ಕಷ್ಟವಿತ್ತು. ಬರ್ಕ್‌ಷೈರ್‌ನ ಕ್ರೋಥಾರ್ನ್‌ಗೆ ಸ್ಥಳಾಂತರಗೊಂಡಿದ್ದ ಸಂಸ್ಥೆಯನ್ನು 1996ರಲ್ಲಿ ಖಾಸಗೀಕರಣಗೊಳಿಸಲಾಯಿತು. ಅಂದಿನಿಂದ ಅದು ಟಿಆರ್‌ಎಲ್ ಎಂಬ ಹೆಸರಿನಲ್ಲಿ ಗುತ್ತಿಗೆಯ ಆಧಾರದ ಮೇಲೆ ಕೆಲಸ ಮಾಡುತ್ತಿದೆ.

ಭಾರತದಲ್ಲಿ

ಭಾರತದಲ್ಲಿ ಇಂತಹ ಕಾರ್ಯವನ್ನು ನವದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ನಿರ್ವಹಿಸುತ್ತಿದೆ. ಬ್ರಿಟನ್ನಿನ ಸೂತ್ರಗಳು ಬಹುಪಾಲು ಪಥಶಿಸ್ತಿನ ಸಂಚಾರವನ್ನು ಆಧರಿಸಿದವು. ಆದರೆ ಇಲ್ಲಿನ ರಸ್ತೆಗಳಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಬಸ್ಸು, ಸೈಕಲ್ಲುಗಳು ಒಂದೇ ಹರವಿನಲ್ಲಿ ಸಾಗುತ್ತವೆ. ಈ ಮಿಶ್ರ ಸಂಚಾರಕ್ಕೆ ಹೊಂದುವ ರಸ್ತೆ ಸಾಮರ್ಥ್ಯದ ಅಳತೆಗಳನ್ನು ಈ ಸಂಸ್ಥೆಯು ಕೆಲವು ಶಿಕ್ಷಣ ಸಂಸ್ಥೆಗಳೊಡನೆ ಸೇರಿ, ಸರ್ಕಾರಿ ಹಣದಿಂದ, ಇಂಡೋ-ಎಚ್‌ಸಿಎಂ 2017 ಎಂಬ ಕೈಪಿಡಿಯಾಗಿ ಸಿದ್ಧಪಡಿಸಿದೆ.