ಭಂಗಿಯೂ ಬೇನೆಯೂ

ಗುಂಡ್ಲುಪೇಟೆಯನ್ನು ಬಿಟ್ಟು ಬಂಡೀಪುರದ ಕಾಡನ್ನು ಹಾದು, ಮುತ್ತಂಗದ ಮಾರ್ಗವಾಗಿ ಸುಲ್ತಾನ್ ಬತ್ತೇರಿಗೆ ಹೋಗುವವರು ಒಂದು ನುಡಿಯ ನಾಡಿನಿಂದ ಮತ್ತೊಂದು ನುಡಿಯ ನಾಡಿಗೆ ಯಾವ ಎಡೆಯಲ್ಲಿ ಕಾಲಿಟ್ಟೆವೆಂದು ಹೇಳಲಾರರು. ಕಬಿನಿಯ ನೀರು ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ ಮೈಸೂರಿನ ಕಡೆಗೆ ಹರಿಯುವಂತೆ ಇಲ್ಲಿ ಮಾತೂ ರಕ್ತವೂ ಗಡಿಯನ್ನು ಲೆಕ್ಕಿಸದೆ ಹರಿದಿವೆ. ಕಾಟ್ಟುನಾಯ್ಕರ ಮತ್ತು ಬೆಟ್ಟಕುರುಬರ ಮನೆಮಾತುಗಳು ಕನ್ನಡದ ಬಳಗಕ್ಕೆ ಸೇರಿದವು. ೧೯೫೬ರ ವರೆಗೆ ಮದರಾಸಿನ ಮಲಬಾರ್ ಜಿಲ್ಲೆಗೆ ಸೇರಿದ್ದ ಈ ಸೀಮೆ ಕೇರಳಕ್ಕೆ ಸಂದು, ೧೯೮೦ರ ನವೆಂಬರ್ ೧ರಂದು ತಾನೇ ಒಂದು ಜಿಲ್ಲೆಯಾಯಿತು.

ರಕ್ತದೊಡನೆ ಒಂದು ಬೇನೆಯೂ ಹರಿದಿದೆ. ಮಲಯಾಳಿಗಳು ಅದನ್ನು ಅರಿವಾಳ್ ರೋಗವೆನ್ನುತ್ತಾರೆ; ಅರಿವಾಳ್ ಎಂದರೆ ನಮ್ಮ ಕುಡುಗೋಲು. ದುಂಡಗೆ ಮೆತ್ತಗೆ ಇರಬೇಕಾದ ಕೆಂಪು ರಕ್ತಕಣವು ಪ್ರಾಣವಾಯು ಕಡಿಮೆಯಾದೊಡನೆ ಬಿರುಸಾಗಿ, ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದೆಡೆಯಲ್ಲಿ ರಕ್ತ ನಿಲ್ಲುತ್ತದೆ; ನಿಂತೆಡೆಯಲ್ಲಿ ನೋವು ಏಳುತ್ತದೆ. ಮೂಳೆಯೊಳಗೆ, ಬೆನ್ನಿನಲ್ಲಿ, ಎದೆಯಲ್ಲಿ, ಎಳೆಯ ಮಕ್ಕಳಿಗಾದರೆ ಕೈಕಾಲುಗಳ ಬೆರಳುಗಳಲ್ಲಿ ಅದು ಬಂದಾಗ ದಿನಗಟ್ಟಲೆ ಬಿಡದು. ಬಿಟ್ಟಿತೆಂದು ನೆಮ್ಮದಿಯಾಗುವಷ್ಟರಲ್ಲಿ ಮಳೆಗಾಲದ ಥಂಡಿಗೋ ದೇಹಶ್ರಮಕ್ಕೋ ನೀರು ಕುಡಿಯದುದಕ್ಕೋ ಮರಳಿ ಬರುತ್ತದೆ. ತರಗತಿಯಲ್ಲಿ ಕಾಲುನೋವೆಂದು ಕುಳಿತ ಹುಡುಗನನ್ನು ಸೋಮಾರಿಯೆಂದು ಗದರುವ ಉಪಾಧ್ಯಾಯರು ಈ ಸೀಮೆಯಲ್ಲಿ ಸ್ವಲ್ಪ ತಡೆದು ಯೋಚಿಸುವುದು ಒಳ್ಳೆಯದು.

ಅಮೆರಿಕೆಯ ಷಿಕಾಗೋ ನಗರದಲ್ಲಿ ೧೯೧೦ರಲ್ಲಿ ಹೆರಿಕ್ ಎಂಬ ವೈದ್ಯನು ಬಣ್ಣಿಸಿದ ಈ ರೋಗವು ಆಫ್ರಿಕದ ಮೂಲದವರಿಗೆ ಮಾತ್ರ ಮೀಸಲೆಂದು ಬಹುಕಾಲ ನಂಬಲಾಗಿತ್ತು. ೧೯೫೨ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬಿಬ್ಬರು ವಯನಾಡಿಗೆ ಹೊಂದಿಕೊಂಡ ನೀಲಗಿರಿಯ ಗಿರಿಜನರಲ್ಲಿ ಇದರ ಲಕ್ಷಣವನ್ನು ಕಂಡು ಪ್ರಕಟಿಸಿದ ಮೇಲೆ ಆ ನಂಬಿಕೆ ಬಿದ್ದುಹೋಯಿತು. ವಯನಾಡಿನ ಗಿರಿಜನರಲ್ಲಿಯೂ ವಯನಾಡನ್ ಚೆಟ್ಟಿಗಳಲ್ಲಿಯೂ ಇದು ಇರುವುದು ಮುಂದೆ ಸ್ಥಿರಪಟ್ಟಿತು. ತಾಯಿ ತಂದೆ ಇಬ್ಬರಿಂದಲೂ ಈ ಗುಣ ಬಂದ ಮಗುವಿಗೆ ರೋಗ. ಒಬ್ಬರಿಂದಲೇ ಬಂದರೆ ಸಾಮಾನ್ಯವಾಗಿ ರೋಗವಿಲ್ಲ, ಮೇಲಾಗಿ ಮಲೇರಿಯದಿಂದ ಒಂದಿಷ್ಟು ರಕ್ಷಣೆಯೂ ಉಂಟು. ಚಳಿಜ್ವರಕ್ಕೆ ಕುಪ್ರಸಿದ್ಧವಾಗಿದ್ದ ಈ ಕಾಡುನಾಡಿನಲ್ಲಿ ಆ ಗುಣ ಏಕೆ ಉಳಿದುಬಂದಿತೆಂಬುದು ಇದರಿಂದ ತಿಳಿಯುತ್ತದೆ.

ಬೇನೆ ಹೀಗೆ ಬೇರೂರಿರುವ ಸೀಮೆಯಲ್ಲಿ ಗಾಂಜಾ ಗಿಡದ ಮಾತು ಬರುವುದು ಸಹಜ. ಪರದೇಶಗಳಲ್ಲಿ ಅದನ್ನು ಬಹುಕಾಲದ ನೋವಿಗೆ ವೈದ್ಯರೇ ಬರೆದುಕೊಡುತ್ತಾರಂತೆ, ನಮ್ಮಲ್ಲಿ ಏಕೆ ಕೊಡಬಾರದು ಎಂದು ಓದಿದ ತರುಣರು ಕೇಳುತ್ತಾರೆ. ಪ್ರಶ್ನೆ ಹೊಸದಲ್ಲ, ಅದರ ಚರಿತ್ರೆಯ ಒಂದು ಕೊನೆ ಮಲಬಾರಿನಲ್ಲಿಯೇ ಇದೆ.

ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು ಆಮ್‌ಸ್ಟರ್‌ಡಾಮಿನಲ್ಲಿ ೧೬೭೮ರಿಂದ ೧೬೯೩ರ ವರೆಗೆ ಹನ್ನೆರಡು ಸಂಪುಟಗಳಾಗಿ ಅಚ್ಚು ಹಾಕಿಸಿದ 'ಹೋರ್ಟುಸ್ ಮಲಬಾರಿಕುಸ್' ಎಂಬ ಸಸ್ಯಗ್ರಂಥದ ಹತ್ತನೆಯ ಸಂಪುಟದಲ್ಲಿ ಈ ಗಿಡದ ಎರಡು ಚಿತ್ರಗಳಿವೆ. ಅವುಗಳಿಗೆ ಕೊಟ್ಟ ಹೆಸರಿನಲ್ಲಿ ಇಂದಿನ ಮಲಯಾಳಿಯ 'ಕಂಜಾವು' ಸ್ಪಷ್ಟವಾಗಿ ಕೇಳಿಸುತ್ತದೆ. ಆ ಗ್ರಂಥಕ್ಕೆ ಮಾಹಿತಿಯಿತ್ತವರು ಇಟ್ಟಿ ಅಚ್ಯುತನೆಂಬ ಈಳವ ವೈದ್ಯನೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಕೊಂಕಣಿ ಬ್ರಾಹ್ಮಣರೂ ಆಗಿದ್ದರು. ಅದಕ್ಕೂ ಮುಂಚೆ ಶಾರ್ಙ್ಗಧರ ಸಂಹಿತೆಯು ಭಂಗಿಯನ್ನು ಅಫೀಮಿನೊಡನೆ 'ವ್ಯವಾಯಿ' ದ್ರವ್ಯಗಳ ಉದಾಹರಣೆಯಾಗಿ ಹೇಳಿತ್ತು: ಪಚನವಾಗುವ ಮೊದಲೇ ಮೈಯನ್ನೆಲ್ಲ ವ್ಯಾಪಿಸಿ, ಆಮೇಲೆ ಪಾಕಕ್ಕೆ ಬರುವಂಥದೆಂದು ಅರ್ಥ. ಆಯುರ್ವೇದವು ಇದನ್ನು ವಿಜಯಾ ಎಂದು ಕರೆದು ಔಷಧಗಳಲ್ಲಿ ಸೇರಿಸಿತಾದರೂ ವಿಷದ್ರವ್ಯವೆಂಬ ಎಚ್ಚರಿಕೆಯನ್ನು ಬಿಡಲಿಲ್ಲ. ಇಂದಿನ ಭಾರತದ ಔಷಧ ನಿಯಮಗಳಲ್ಲಿಯೂ, ಬೀಜವೊಂದನ್ನುಳಿದು, ಭಂಗಿಯು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿಯೇ ಇದೆ. ನಮ್ಮ ಹಿರಿಯರು ಎಲ್ಲ ನೋವಿಗೂ ಗಾಂಜಾ ಕೊಡುತ್ತಿದ್ದರೆಂದು ಈಚೆಗೆ ಕೆಲವರು ಬರೆಯುವುದುಂಟು. ಗ್ರಂಥಗಳನ್ನು ನೋಡಿದರೆ ಅಷ್ಟು ಧಾರಾಳ ಕಾಣುವುದಿಲ್ಲ.

ಪಾಶ್ಚಾತ್ಯ ವೈದ್ಯಕ್ಕೆ ಈ ಗಿಡವನ್ನು ಕ್ರಮವಾಗಿ ಪರಿಚಯಿಸಿದವನು ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ವಿಲಿಯಂ ಬ್ರೂಕ್ ಓಶಾನೆಸಿ ಎಂಬ ಐರಿಷ್ ತರುಣ. (ಮುಂದೆ ಭಾರತದಲ್ಲಿ ತಂತಿ ಟಪಾಲನ್ನು ಹಾಕಿಸಿದವನೂ ಇವನೇ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಎಷ್ಟೆಲ್ಲ ಅಡಗುತ್ತದೆ!) ಆತ ಮೊದಲು ಪಂಡಿತ ಮಧುಸೂದನ ಗುಪ್ತ ಮೊದಲಾದವರನ್ನು ಕೇಳಿ ಸಂಸ್ಕೃತ ಮತ್ತು ಪಾರಸಿ ಗ್ರಂಥಗಳ ಸಾಕ್ಷ್ಯವನ್ನು ಕೂಡಿಸಿದ. ಅನಂತರ ಪ್ರಾಣಿಗಳಿಗೆ ಕೊಟ್ಟು ನೋಡಿದ. ಅವುಗಳ ಪ್ರಾಣಕ್ಕೆ ಅಪಾಯವಿಲ್ಲವೆಂದು ಕಂಡಮೇಲೆಯೇ ಸಂಧಿವಾತ, ಧನುರ್ವಾಯು, ಕಾಲರಾ, ಹುಚ್ಚುನಾಯಿ ಕಡಿತದ ರೋಗಿಗಳಿಗೆ ಅದರ ಅಂಟನ್ನು ತೂಕ ಮಾಡಿ ಕೊಟ್ಟ. ೧೮೩೯ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ ನನಗೆ ಮೆಚ್ಚಿಗೆಯಾಗುವುದು ಅವನ ಪ್ರಾಮಾಣಿಕತೆ. ಹುಚ್ಚುನಾಯಿ ಕಡಿದವನನ್ನು ತಾನು ಉಳಿಸಲಾಗಲಿಲ್ಲ, ಅವನ ಕೊನೆಯ ಯಾತನೆಯನ್ನು ಮಾತ್ರ ತಗ್ಗಿಸಿದೆನೆಂದು ಅವನು ಮುಚ್ಚಿಡದೆ ಬರೆದ. ಸಂಧಿವಾತದ ಮೂವರಿಗೆ ಒಂದೊಂದು ಗ್ರೇನು ಕೊಟ್ಟಾಗ ಒಬ್ಬನ ತೋಳು ಎತ್ತಿಟ್ಟಲ್ಲೇ ಗೊಂಬೆಯ ತೋಳಿನಂತೆ ನಿಂತುಬಿಟ್ಟಿತು. ಗಾಬರಿಗೊಂಡು ಪ್ರಮಾಣವನ್ನು ತಗ್ಗಿಸಿದ. ಒಂದೇ ತೂಕ ಒಬ್ಬನಿಗೆ ಒಂದು ಫಲವನ್ನೂ ಮತ್ತೊಬ್ಬನಿಗೆ ಬೇರೆ ಫಲವನ್ನೂ ಕೊಟ್ಟ ಈ ಸಂಗತಿಯಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿತ್ತು.

ಲಂಡನ್ನಿನಲ್ಲಿ ಈ ಔಷಧಕ್ಕೆ ಹೆಸರಾದ ವೈದ್ಯನೆಂದರೆ ರಸೆಲ್ ರೆನಾಲ್ಡ್ಸ್. ಅರೆತಲೆನೋವಿಗೂ ನರಶೂಲೆಗೂ ಮೂವತ್ತು ವರ್ಷ ಕೊಟ್ಟು ಬಂದ ಅನುಭವವನ್ನು ಆತ ೧೮೯೦ರಲ್ಲಿ ಬರೆದಾಗ ಒತ್ತಿ ಹೇಳಿದ್ದು ಇದನ್ನೇ: ಸರಕಿನ ಕಸುವು ಒಂದೇ ಸಮನಾಗಿರದು, ಆದುದರಿಂದ ಅತ್ಯಲ್ಪದಿಂದ ಮೊದಲುಮಾಡಬೇಕು. ಆತ ವಿಕ್ಟೋರಿಯಾ ರಾಣಿಗೂ ಇದನ್ನು ಕೊಟ್ಟನೆಂಬ ಕಥೆಗೆ ಆಧಾರವಿಲ್ಲ. ಒಂದು ಊರಿನ ಗಿಡದಂತೆ ಮತ್ತೊಂದು ಊರಿನ ಗಿಡವಿಲ್ಲ. ಹಳೆಯದಾದಂತೆ ಅಂಟು ಸತ್ವವನ್ನು ಕಳೆದುಕೊಳ್ಳುತ್ತದೆ. ನೀರಿನಲ್ಲಿ ಕರಗದು, ಆದುದರಿಂದ ಆ ಕಾಲಕ್ಕೆ ಹೊಸತಾಗಿ ಬಂದಿದ್ದ ಪಿಚಕಾರಿ ಸೂಜಿಯಲ್ಲಿ ಹಾಕಲಾಗದು. ಮಾರ್ಫಿನ್ ಅಳತೆಗೂ ಸೂಜಿಗೂ ಒಗ್ಗಿತು. ೧೮೯೯ರಲ್ಲಿ ಆಸ್ಪಿರಿನ್ ಬಂದಿತು. ೧೯೩೨ರ ಹೊತ್ತಿಗೆ ಭಂಗಿ ಬ್ರಿಟಿಷರ ಅಧಿಕೃತ ಔಷಧಕೋಶದಿಂದ ಹೊರಬಿದ್ದಿತು.

ಇತ್ತ ಸರಕಾರಕ್ಕೆ ಗಾಂಜಾ ಎಂದರೆ ಅಬಕಾರಿಯ ಆದಾಯ. ಹುಚ್ಚಾಸ್ಪತ್ರೆಗಳೆಲ್ಲ ಗಾಂಜಾ ಸೇದಿದವರಿಂದ ತುಂಬಿವೆಯೆಂಬ ದೂರು ಬ್ರಿಟಿಷ್ ಪಾರ್ಲಿಮೆಂಟನ್ನು ಮುಟ್ಟಿದಾಗ, ೧೮೯೩ರಲ್ಲಿ, ಮ್ಯಾಕ್‌ವರ್ತ್ ಯಂಗನ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿದರು. ಅದು ೧೧೯೩ ಮಂದಿ ಸಾಕ್ಷಿಗಳನ್ನು ವಿಚಾರಿಸಿತು. ಆಯೋಗದವರು ಮಾಡಿದ ಒಂದು ಕೆಲಸವನ್ನು ಚರಿತ್ರೆಯ ವಿದ್ಯಾರ್ಥಿಗಳೆಲ್ಲ ಗಮನಿಸಬೇಕು. ೧೮೯೨ರಲ್ಲಿ ಹುಚ್ಚಾಸ್ಪತ್ರೆಗಳಿಗೆ ಸೇರಿದ ೧೩೪೪ ಮಂದಿಯ ದಾಖಲೆಗಳಲ್ಲಿ ೨೨೨ ಮಂದಿಯ ಎದುರಿಗೆ ಗಾಂಜಾದಂಥ ಸೊಪ್ಪಿನ ಅಮಲೇ ಕಾರಣವೆಂದು ಬರೆದಿತ್ತು. ಬರೆದವರು ಯಾರು, ಯಾವ ಆಧಾರದಿಂದ ಎಂದು ಒಂದೊಂದನ್ನೇ ಕೆದಕಿ ನೋಡಿದಾಗ, ಎಷ್ಟೋ ಕಡೆ ಪೋಲೀಸಿನವರ ಕಾಗದದಲ್ಲಿದ್ದುದನ್ನು ಗುಮಾಸ್ತನು ಹಾಗೆಯೇ ನಕಲು ಮಾಡಿದ್ದನು. ವಿಚಾರಣೆಯಲ್ಲಿ ನಿಂತದ್ದು ೯೮ ಮಾತ್ರ; ಅವುಗಳಲ್ಲಿಯೂ ೩೭ಕ್ಕೆ ಬೇರೆ ಕಾರಣಗಳು ಕೂಡಿದ್ದವು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡುಂಟು. ನಿಷೇಧ ಬೇಡ, ತೆರಿಗೆಯೂ ಲೈಸೆನ್ಸೂ ಸಾಕು ಎಂದು ೧೮೯೪ರಲ್ಲಿ ಅವರು ವರದಿಯಿತ್ತರು. ಮಲೇರಿಯದ ಸೀಮೆಗಳಲ್ಲಿ ಜ್ವರಕ್ಕೆ ತಡೆಯೆಂದೂ ಕಡುಶ್ರಮಕ್ಕೆ ಆಸರೆಯೆಂದೂ ಜನರು ಇದನ್ನು ಬಳಸುವುದನ್ನು ಆ ವರದಿ ಹೇಳುತ್ತದೆ. ಜ್ವರಕ್ಕೆ ತಡೆಯೆಂಬುದು ನಂಬಿಕೆಯೇ ಹೊರತು ಭಂಗಿ ಮಲೇರಿಯವನ್ನು ಗುಣಪಡಿಸದು. ಆದರೆ ಕ್ವಿನೈನ್ ದೊರೆಯದ ಕೂಲಿಯವನು ಯಾವುದನ್ನು ಹಿಡಿದು ಬಾಳುತ್ತಿದ್ದನೆಂಬುದು ಇದರಿಂದ ಕಾಣುತ್ತದೆ.

೧೯೬೧ರ ವಿಶ್ವಸಂಸ್ಥೆಯ ಒಪ್ಪಂದ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಹೂ ಕೂಡಿರದ ಬರಿಯ ಎಲೆ ಮತ್ತು ಬೀಜ ಮಾತ್ರ ಅದರ ವ್ಯಾಖ್ಯೆಯಿಂದ ಹೊರಗುಳಿದವು. ಉತ್ತರದ ಭಂಗಿ ಅಂಗಡಿಗಳು ಉಳಿದುದು ಈ ಸಂದಿಯಿಂದ. ಭಾರತದ ಮಾದಕದ್ರವ್ಯ ಶಾಸನ ೧೯೮೫ರ ನವೆಂಬರ್ ೧೪ರಂದು ಜಾರಿಗೆ ಬಂದಿತು. ಅದರ ಉದ್ದೇಶ ಕಳ್ಳಸಾಗಾಣಿಕೆಯ ದಮನ. ಔಷಧದ ಬಳಕೆಗೆ ಅದರಲ್ಲಿಯೇ ಎಡೆಯಿತ್ತು. ಕಾರ್ಯದಲ್ಲಿ ಮಾತ್ರ ಪೆಟ್ಟು ಬಿದ್ದುದು ನೋವಿನಿಂದ ನರಳುವವರ ಮೇಲೆ, ಅದೂ ಗಾಂಜಾದ ಮೂಲಕವಲ್ಲ, ಮಾರ್ಫಿನ್ನಿನ ಮೂಲಕ. ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ಬೇರೆ ಬೇರೆ ಇಲಾಖೆಗಳ ಹಲವು ಲೈಸೆನ್ಸುಗಳು ಬೇಕಾದವು. ಒಂದು ಕೈಸೇರುವಷ್ಟರಲ್ಲಿ ಮತ್ತೊಂದರ ಅವಧಿ ಮುಗಿಯುತ್ತಿತ್ತು. ತಪ್ಪಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಯ ಭಯ. ಔಷಧದಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. ದೇಶದಲ್ಲಿ ವೈದ್ಯಕ್ಕೆ ಬಳಕೆಯಾದ ಮಾರ್ಫಿನ್ ೧೯೯೭ರಲ್ಲಿ ಹದಿನೆಂಟು ಕಿಲೋಗೆ ಇಳಿದಿತ್ತು. ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ನಾವೇ ಬೆಳೆದು, ಪರದೇಶದ ರೋಗಿಗಳ ನೋವು ತಗ್ಗಿಸಲೆಂದು ರಫ್ತು ಮಾಡುತ್ತಿದ್ದ ಕಾಲದಲ್ಲಿ ಇದು ನಡೆಯಿತು!

ಈ ಗಂಟನ್ನು ಬಿಡಿಸುವ ಕೆಲಸಕ್ಕೆ ಮಲಬಾರಿನಲ್ಲಿಯೇ ಕೈಹಾಕಿದರು. ೧೯೯೩ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವುಶಮನಕ್ಕೆಂದೇ ಒಂದು ಸಂಘವನ್ನು ಕಟ್ಟಿದರು. ಮಾರ್ಫಿನ್ ಮಾತ್ರೆಯನ್ನು ಮನೆಗೆ ಕೊಟ್ಟು ಕಳುಹಿಸಿದರೆ ಅದು ಕಳ್ಳರ ಪಾಲಾಗುವುದೆಂಬ ಆಕ್ಷೇಪಕ್ಕೆ ಅವರು ಲೆಕ್ಕದಿಂದ ಉತ್ತರ ಕೊಟ್ಟರು. ಎರಡು ವರ್ಷಗಳಲ್ಲಿ ೧೭೨೩ ರೋಗಿಗಳಿಗೆ ಕೊಟ್ಟುದರಲ್ಲಿ ಒಂದಾದರೂ ದುರುಪಯೋಗವಾದುದು ಕಂಡುಬರಲಿಲ್ಲವೆಂದು ೨೦೦೧ರಲ್ಲಿ ಪ್ರಕಟಿಸಿದರು. ಕೇರಳವು ೧೯೯೯ರಲ್ಲಿಯೇ ನಿಯಮಗಳನ್ನು ಸಡಿಲಿಸಿತ್ತು. ೨೦೦೮ರಲ್ಲಿ ಇದಕ್ಕೆಂದೇ ಸರಕಾರದ ಧೋರಣೆಯೊಂದನ್ನು ಸಾರಿತು. ೨೦೧೪ರಲ್ಲಿ ಕೇಂದ್ರ ಶಾಸನವೇ ತಿದ್ದುಪಡಿಯಾಗಿ ಅಗತ್ಯ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮವೆಂದಾಯಿತು.

ಮಾರ್ಫಿನ್ ದೊರೆತರೆ ಮಾತ್ರ ಸಾಲದು, ಅದನ್ನು ಗುಡ್ಡದ ಮೇಲಿನ ಮನೆಗೆ ಮುಟ್ಟಿಸುವವರು ಬೇಕಲ್ಲ. ಮಲಪ್ಪುರ, ಕಲ್ಲಿಕೋಟೆ, ವಯನಾಡುಗಳಲ್ಲಿ ಹಬ್ಬಿದ ನೆರೆಹೊರೆಯ ಪದ್ಧತಿ ಇದಕ್ಕಾಗಿಯೇ ಹುಟ್ಟಿದುದು. ವಾರಕ್ಕೆ ಎರಡು ಗಂಟೆಯಾದರೂ ಬಿಡುವು ಮಾಡಿಕೊಳ್ಳಬಲ್ಲವರು ಹದಿನಾರು ಗಂಟೆಗಳ ಪಾಠವನ್ನೂ ನಾಲ್ಕು ದಿನದ ಪ್ರತ್ಯಕ್ಷ ಅಭ್ಯಾಸವನ್ನೂ ಮುಗಿಸಿ ರೋಗಿಯ ಮನೆಗೆ ಹೋಗುತ್ತಾರೆ; ಹುಣ್ಣು ತೊಳೆಯುತ್ತಾರೆ, ಅಕ್ಕಿ ತೀರಿದೆಯೇ ಎಂದು ನೋಡುತ್ತಾರೆ. ವೈದ್ಯರೂ ದಾದಿಯರೂ ಅವರ ಬೆನ್ನಿಗಿರುತ್ತಾರೆ. ಓಶಾನೆಸಿಯ ತಕ್ಕಡಿಗೂ ಆಯೋಗದವರು ದಾಖಲೆಯನ್ನು ಕೆದಕಿದ ಬುದ್ಧಿಗೂ ಮುಂದಿನ ಕೊಂಡಿಯಾಗಿ ನಾನು ಕಾಣುವುದು ಈ ಕೆಲಸವನ್ನು.

ಇನ್ನು ಗಾಂಜಾದ ಇಂದಿನ ವಿಜ್ಞಾನ. ಅದರ ಅಮಲಿನ ಸತ್ವವನ್ನು ೧೯೬೪ರಲ್ಲಿ ಇಸ್ರೇಲಿನಲ್ಲಿ ಗಾವೋನಿ ಮತ್ತು ಮೆಶೂಲಂ ಬೇರ್ಪಡಿಸಿದರು. ನಮ್ಮ ಮಿದುಳೇ ಅಂಥದೊಂದು ದ್ರವ್ಯವನ್ನು ಮಾಡಿಕೊಳ್ಳುತ್ತದೆಂದು ೧೯೯೨ರಲ್ಲಿ ಗೊತ್ತಾಗಿ, ಅದಕ್ಕೆ ಸಂಸ್ಕೃತದ 'ಆನಂದ' ಶಬ್ದದಿಂದ 'ಆನಂದಮೈಡ್' ಎಂದು ಹೆಸರಿಟ್ಟರು. ಅಳತೆಯ ತೊಡಕು ಹೀಗೆ ಬಹುಮಟ್ಟಿಗೆ ಪರಿಹಾರವಾಯಿತು. ಉಳಿದುದು ಫಲದ ಪ್ರಶ್ನೆ. ದೊಡ್ಡವರ ಬಹುಕಾಲದ ನೋವಿಗೆ ಇದು ಉಪಕಾರಿಯೆನ್ನಲು ಗಣನೀಯ ಆಧಾರವಿದೆಯೆಂದು ಅಮೆರಿಕೆಯ ರಾಷ್ಟ್ರೀಯ ಅಕಾಡೆಮಿಗಳು ೨೦೧೭ರಲ್ಲಿ ಹೇಳಿದವು. ೨೦೨೧ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ತನ್ನ ಸಮ್ಮತಿಯನ್ನು ಕೊಡಲೊಪ್ಪಲಿಲ್ಲ. ೨೦೨೦ರ ಡಿಸೆಂಬರ್ ೨ರಂದು ವಿಶ್ವಸಂಸ್ಥೆಯ ಆಯೋಗವು ಗಾಂಜಾವನ್ನು ಆ ಕಟ್ಟುನಿಟ್ಟಿನ ಪಟ್ಟಿಯಿಂದ ೨೭ಕ್ಕೆ ೨೫ ಮತಗಳಿಂದ ತೆಗೆದುಹಾಕಿದಾಗ ಭಾರತವು ತೆಗೆಯುವ ಪಕ್ಷಕ್ಕೆ ಮತವಿತ್ತಿತು. ಸಂಶೋಧನೆಗೆ ಅದು ಬಾಗಿಲು. ನಮ್ಮ ದೇಶದ ಶಾಸನ ಅದರಿಂದ ಬದಲಾಗಲಿಲ್ಲ.

ಕುಡುಗೋಲುಕಣದ ಬೇನೆಗೇ ಸಂಬಂಧಿಸಿದ ಪ್ರಯೋಗವೂ ಒಂದು ನಡೆದಿದೆ. ಸಾನ್ ಫ್ರಾನ್ಸಿಸ್ಕೋದ ವೈದ್ಯರು ಇಪ್ಪತ್ತಮೂರು ಮಂದಿ ರೋಗಿಗಳಿಗೆ ಒಂದು ಸರದಿಯಲ್ಲಿ ಗಾಂಜಾದ ಹಬೆಯನ್ನೂ ಇನ್ನೊಂದು ಸರದಿಯಲ್ಲಿ ಸತ್ವವಿಲ್ಲದ ಹಬೆಯನ್ನೂ ಐದೈದು ದಿನ ಕೊಟ್ಟು, ೨೦೨೦ರಲ್ಲಿ ಫಲವನ್ನು ಪ್ರಕಟಿಸಿದರು. ನೋವು ಎಣಿಕೆಗೆ ನಿಲ್ಲುವಷ್ಟು ತಗ್ಗಲಿಲ್ಲ. ನೋವಿನಿಂದ ಮನಸ್ಸು ಕದಡುವುದು ಮಾತ್ರ ಕಡಿಮೆಯಾಯಿತು. ಸಣ್ಣ ಪ್ರಯೋಗ, ಇದರಿಂದ ಔಷಧವನ್ನು ತಳ್ಳಿಹಾಕಲೂ ಆಗದು, ಎತ್ತಿಹಿಡಿಯಲೂ ಆಗದು. ಕದ್ದು ತಂದ ಗಾಂಜಾವನ್ನು ಬೀಡಿಯಲ್ಲಿ ಸುತ್ತಿ ಸೇದುವುದಂತೂ ಈ ರೋಗಿಗೆ ಸಲ್ಲದು. ಶ್ವಾಸಕೋಶದಲ್ಲಿ ಕಣಗಳು ಸಿಕ್ಕಿ ಎದೆ ಕಟ್ಟುವುದು ಈ ರೋಗದ ಪ್ರಾಣಾಂತಿಕ ತೊಡಕುಗಳಲ್ಲೊಂದು. ಹೊಗೆ ಅದನ್ನು ಹೆಚ್ಚಿಸುತ್ತದೆ. ಎಳೆಯ ಮಿದುಳಿಗೆ ಇದರಿಂದಾಗುವ ಕೇಡನ್ನು ವಿದ್ಯಾರ್ಥಿಗಳಿಗೆ ಬೇರೆಯಾಗಿ ಹೇಳಬೇಕಿಲ್ಲ.

ಸಿದ್ಧವಾದ ಔಷಧ ಬೇರೆ ಇದೆ. ಹೈಡ್ರಾಕ್ಸಿಯೂರಿಯ ಎಂಬ ಮಾತ್ರೆ ನೋವಿನ ಸರದಿಗಳನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಬಲ್ಲುದೆಂದು ೧೯೯೫ರಲ್ಲಿಯೇ ಸಿದ್ಧಪಟ್ಟಿತು. ಮುಟ್ಟಿಲ್‌ನ ವಿವೇಕಾನಂದ ಮೆಡಿಕಲ್ ಮಿಷನ್ನಿನಲ್ಲಿ ಗಿರಿಜನರ ಸೇವೆಗೆ ನಿಂತ ನಾಗಪುರದ ಡಾ. ಧನಂಜಯ ಸಗದೇವ್, ಈ ರೋಗವನ್ನು ಹುಡುಕಿ ಹಿಡಿದು ಚಿಕಿತ್ಸೆ ಮಾಡಿದುದಕ್ಕಾಗಿ ಹೆಸರಾಗಿ, ೨೦೨೧ರಲ್ಲಿ ಪದ್ಮಶ್ರೀ ಪಡೆದರು. ೨೦೨೩ರ ಜುಲೈ ೧ರಂದು ಕೇಂದ್ರ ಸರಕಾರವು ಈ ರೋಗದ ನಿರ್ಮೂಲನಕ್ಕೆಂದು ೨೦೪೭ರ ಗುರಿಯಿಟ್ಟು ಯೋಜನೆಯೊಂದನ್ನು ಆರಂಭಿಸಿದೆ. ರಕ್ತಪರೀಕ್ಷೆ ಅದರ ಮೊದಲ ಹೆಜ್ಜೆ. ಗಡಿಯ ಈಚೆಗೆ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆಗಳ ಹಾಡಿಗಳಲ್ಲಿಯೂ ಆ ಪರೀಕ್ಷೆಯ ಅಗತ್ಯ ಇದೆ. ಅಲ್ಲಿಯ ಶಾಲೆಗಳಲ್ಲಿ ಕಲಿಸುವವರಲ್ಲಿ ಹಲವರು ಈ ಪತ್ರಿಕೆಯ ಓದುಗರೇ ಆಗಿರಬಹುದು.