ಕಳ್ಳ ಯಾರಂತ ನನಗ ಮೊದಲ ಗೊತ್ತಾಗಿತ್ತು!

ರಾಯಣ್ಣನನ್ನು ಹಿಡಿದುಕೊಟ್ಟವರು ಯಾರು? ಕಿತ್ತೂರು, ಬೈಲಹೊಂಗಲ ಕಡೆ ಯಾವ ಹುಡುಗನನ್ನಾದರೂ ಈ ಪ್ರಶ್ನೆ ಕೇಳಿ ನೋಡಿ. ಸುಮ್ಮನೆ ಉತ್ತರ ಹೇಳುವುದಿಲ್ಲ, ಸಿಟ್ಟಿನಿಂದ ಹೇಳುತ್ತಾನೆ. 1830ರಲ್ಲಿ ಸಂಗೊಳ್ಳಿ ರಾಯಣ್ಣ ಹಳ್ಳದಲ್ಲಿ ಸ್ನಾನಕ್ಕೆ ಇಳಿದಿದ್ದಾಗ ಮೋಸದಿಂದ ಹಿಡಿದರು, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಲಾವಣಿಯಲ್ಲಿ ಈ ಭಾಗ ಬಂದಾಗ ಕಟ್ಟೆಯ ಮೇಲೆ ಕೂತ ಮಕ್ಕಳು ಅಜ್ಜನ ಪಕ್ಕ ಸರಿಯುತ್ತಾರೆ. ಕತ್ತಿ ಯಾರ ಕೈಯಾಗ ಕೊಟ್ಟಿದ್ದ? ಅವ ಯಾಕ ನಂಬಿದ? ಮುಂದೇನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಹೇಗಾಯಿತು, ಯಾರು ಮಾಡಿದರು ಎಂದು ಕೇಳುವುದು ನಿಲ್ಲುವುದಿಲ್ಲ.

ಇಂಥ ಪ್ರಶ್ನೆ ಕೇಳುತ್ತಲೇ ಬೆಳೆದ ನಮ್ಮ ಮಕ್ಕಳ ಕೈಗೆ ಮುಂದೆ ಪತ್ತೇದಾರಿ ಕಾದಂಬರಿ ಸಿಕ್ಕಾಗ ಏನಾಗಿರಬೇಕು, ಯೋಚಿಸಿ.

ಆ ಪುಸ್ತಕಗಳು ಬಂದದ್ದು ಬೆಂಗಳೂರು ಕಡೆಯಿಂದ. 1952ರಲ್ಲಿ ಎನ್. ನರಸಿಂಹಯ್ಯ ಎಂಬುವರು 'ಪತ್ತೇದಾರ ಪುರುಷೋತ್ತಮ' ಎಂಬ ಕಾದಂಬರಿ ಬರೆದರು. ಹುಟ್ಟಿದ್ದು 1925ರಲ್ಲಿ, ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆವರೆಗೆ. 2011ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ 500ಕ್ಕೂ ಹೆಚ್ಚು ಕಾದಂಬರಿಗಳಿದ್ದವು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ: ಈ ಪತ್ತೇದಾರರ ಹೆಸರು ಕೇಳಿದರೆ ಈಗ ಅರವತ್ತು ದಾಟಿದ ಎಷ್ಟೋ ಜನರ ಮುಖ ಅರಳುತ್ತದೆ.

ಅದೇ ಕಾಲದಲ್ಲಿ ಪತ್ತೇದಾರಿ ಬರೆದ ಇನ್ನೊಬ್ಬರು ಮ. ರಾಮಮೂರ್ತಿ. ನವೆಂಬರ್ ಒಂದಕ್ಕೆ ನಾವು ಹಾರಿಸುವ ಹಳದಿ ಕೆಂಪು ಬಾವುಟ ಕೊಟ್ಟವರು ಇವರೇ. ಬಾವುಟ ಎಲ್ಲರಿಗೂ ಗೊತ್ತು, ಕಾದಂಬರಿಗಳನ್ನು ಮಾತ್ರ ಮರೆತಿದ್ದೇವೆ.

ನಮ್ಮ ಈ ನಾಲ್ಕು ತಾಲೂಕುಗಳ ಸ್ಥಿತಿ ಆಗ ಬೇರೆ ಇತ್ತು. ರಾಮದುರ್ಗ 1948ರವರೆಗೆ ಸಂಸ್ಥಾನ. ಉಳಿದ ಕಡೆ 1956ರವರೆಗೂ ಮುಂಬಯಿ ಆಡಳಿತ. ಕನ್ನಡ ಪುಸ್ತಕ ಸಿಗುವುದೇ ಕಷ್ಟ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದ್ದು ಈ ನಾಡಿನಲ್ಲೇ. ಪಕ್ಕದ ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರರ ರಹಸ್ಯಕಥೆಗಳು ರಾಶಿ ರಾಶಿ ಬರುತ್ತಿದ್ದವು. ಕನ್ನಡದಲ್ಲೂ ಅಂಥ ಪುಸ್ತಕ ಬಂದಾಗ ಬಸ್ ಸ್ಟ್ಯಾಂಡಿನ ಅಂಗಡಿ, ಜಾತ್ರೆಯ ಪುಸ್ತಕದ ಸಾಲು, ದಿನದ ಬಾಡಿಗೆಗೆ ಪುಸ್ತಕ ಕೊಡುವ ಸಣ್ಣ ಅಂಗಡಿ, ಇಲ್ಲೆಲ್ಲ ಜಾಗ ಹಿಡಿದವು.

ಇವು ಮಕ್ಕಳಿಗೆಂದು ಬರೆದ ಪುಸ್ತಕಗಳಲ್ಲ, ದೊಡ್ಡವರಿಗೆ ಬರೆದವು. ಮಕ್ಕಳು ಕದ್ದು ಓದಿದರು. ಭೂಗೋಲದ ಪುಸ್ತಕದ ನಡುವೆ ಇಟ್ಟು, ದನ ಕಾಯುವಾಗ ಗಿಡದ ಕೆಳಗೆ ಕೂತು, ಹೊದಿಕೆಯೊಳಗೆ ಬ್ಯಾಟರಿ ಹಚ್ಚಿ. ಮಾಸ್ತರರು ನೋಡಿದರೆ ಪುಸ್ತಕ ಹೋಯಿತು, ಬೆನ್ನಿಗೆ ಏಟೂ ಬಿತ್ತು. "ಅಂಥಾವೆಲ್ಲ ಓದಿದ್ರ ಹುಡುಗೂರು ಕೆಡ್ತಾರ" ಎನ್ನುವುದು ದೊಡ್ಡವರ ತೀರ್ಮಾನ. ಸಾಹಿತ್ಯದ ಇತಿಹಾಸ ಬರೆದವರೂ ಹೆಚ್ಚುಕಡಿಮೆ ಅದನ್ನೇ ಒಪ್ಪಿ ಮುಂದೆ ಹೋದರು. ಓದಿದ ಹುಡುಗರಿಗೆ ಹೇಗನ್ನಿಸಿತು ಎಂದು ಯಾರೂ ಕೇಳಲಿಲ್ಲ.

ಆದರೆ ಹುಡುಗರು ಸುಮ್ಮನಿರಲಿಲ್ಲ. ಬಾಡಿಗೆ ಪುಸ್ತಕ ಓದಿದವರಿಗೆ ನೆನಪಿರಬಹುದು. ಕಥೆ ಬಿಗಿಯಾಗುತ್ತಿದ್ದ ಹೊತ್ತಿಗೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಯಾರೋ ಬರೆದಿರುತ್ತಿದ್ದರು: "ಇವನ ಕಳ್ಳ." ಅದರ ಕೆಳಗೆ ಬೇರೆ ಕೈಯಲ್ಲಿ: "ಸುಳ್ಳ." ಇನ್ನೂ ಕೆಳಗೆ ಮೂರನೆಯವನು ಇಬ್ಬರಿಗೂ ಬೈದಿರುತ್ತಿದ್ದ. ಕೊನೆಯ ಪುಟ ಹರಿದುಕೊಂಡು ಹೋದ ಪುಣ್ಯಾತ್ಮರೂ ಇದ್ದರು. ನನ್ನ ಪ್ರಕಾರ ನಮ್ಮ ಭಾಗದಲ್ಲಿ ಮಕ್ಕಳು ಬರೆದ ಮೊದಲ ಪುಸ್ತಕ ವಿಮರ್ಶೆ ಇದೇ. ನಗಬೇಡಿ. ಲೇಖಕ ಬಚ್ಚಿಟ್ಟದ್ದನ್ನು ಓದುಗ ಅರ್ಧದಲ್ಲೇ ಹಿಡಿದನೋ ಇಲ್ಲವೋ, ಪತ್ತೇದಾರಿ ಕಥೆ ಗೆದ್ದಿತೋ ಸೋತಿತೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಮಕ್ಕಳಿಗಾಗಿಯೇ ಪತ್ತೇದಾರಿ ಬರೆದ ನಾಡುಗಳಲ್ಲಿ ಈ ಮಾತು ಲೇಖಕರ ಕಿವಿಗೂ ಬಿತ್ತು. ಜರ್ಮನಿಯ ಎರಿಖ್ ಕೆಸ್ಟ್ನರ್ 1929ರಲ್ಲಿ 'ಎಮಿಲ್ ಮತ್ತು ಪತ್ತೇದಾರರು' ಬರೆದರು. ರೈಲಿನಲ್ಲಿ ನಿದ್ದೆ ಹತ್ತಿದ ಎಮಿಲ್ ಎಂಬ ಹುಡುಗನ ರೊಕ್ಕ ಕಳುವಾಗುತ್ತದೆ. ಬರ್ಲಿನ್ನಿನ ಬೀದಿ ಹುಡುಗರು ಸೇರಿ ಕಳ್ಳನ ಬೆನ್ನು ಹತ್ತುತ್ತಾರೆ. ಆ ನೋಟು ಇವನದೇ ಎಂದು ತೋರಿಸುವುದು ಹೇಗೆ? ಎಮಿಲ್ ನೋಟುಗಳನ್ನು ಅಂಗಿಯ ಒಳಗೆ ಟಾಚಣಿಯಿಂದ ಚುಚ್ಚಿಟ್ಟಿದ್ದ. ಟಾಚಣಿಯ ತೂತೇ ಸಾಕ್ಷಿ. ಸಂತೆಗೆ ಹೋಗುವಾಗ ನಮ್ಮ ಅವ್ವಂದಿರು ರೊಕ್ಕ ಸೆರಗಿನ ಗಂಟಿನಲ್ಲಿ ಕಟ್ಟುವುದನ್ನು ನೋಡಿದ ಯಾವ ಮಗುವಿಗೂ ಇದು ಥಟ್ಟನೆ ತಿಳಿಯುತ್ತದೆ.

ನಮಗೆ ಹತ್ತಿರದ್ದು ಮರಾಠಿಯ 'ಫಾಸ್ಟರ್ ಫೇಣೆ'. ಭಾ.ರಾ. ಭಾಗವತರು ಸೃಷ್ಟಿಸಿದ ಈ ಹುಡುಗನ ಹೆಸರು ಬನೇಶ್ ಫೇಣೆ. ಫುರಸುಂಗಿ ಎಂಬ ಹಳ್ಳಿಯವನು, ಪುಣೆಯಲ್ಲಿ ಓದುತ್ತಾನೆ, ಎಲ್ಲಿ ಹೋದರೂ ಭಾನಗಡಿಯಲ್ಲಿ ಸಿಕ್ಕಿಬೀಳುತ್ತಾನೆ. ಹಳ್ಳಿಯ ಹುಡುಗನೇ ನಾಯಕ ಎನ್ನುವುದು ಸಣ್ಣ ಮಾತಲ್ಲ.

ಎಲ್ಲಕ್ಕಿಂತ ದೊಡ್ಡ ಕಥೆ ಬಂಗಾಲದ್ದು. ಸಿನಿಮಾದ ಸತ್ಯಜಿತ್ ರಾಯ್ ಅವರ ಅಜ್ಜ 1913ರಲ್ಲಿ 'ಸಂದೇಶ್' ಎಂಬ ಮಕ್ಕಳ ಪತ್ರಿಕೆ ಹುಟ್ಟುಹಾಕಿದ್ದರು. ನಿಂತುಹೋಗಿದ್ದ ಅದನ್ನು ರಾಯ್ 1961ರಲ್ಲಿ ಮತ್ತೆ ಶುರುಮಾಡಿದರು. 1965ರಲ್ಲಿ ಅದರಲ್ಲೇ ಫೆಲೂದಾ ಎಂಬ ಪತ್ತೇದಾರ ಬಂದ. ಕಥೆ ಹೇಳುವವನು ಅವನ ತಮ್ಮನಂಥ ಹುಡುಗ ತೊಪ್ಶೆ. ಜೊತೆಗೆ ಜಟಾಯು ಎಂಬ ಹೆಸರಿನಲ್ಲಿ ರೋಮಾಂಚಕ ಕಾದಂಬರಿ ಬರೆಯುವ ಲಾಲಮೋಹನಬಾಬು. ಇವರ ಪುಸ್ತಕಗಳಲ್ಲಿ ತಪ್ಪುಗಳು ಬಹಳ. ಒಂಟೆ ನೀರನ್ನು ಎಲ್ಲಿ ಕೂಡಿಡುತ್ತದೆ ಎಂಬ ವಿಷಯದಲ್ಲೂ ಫೆಲೂದಾ ಇವರನ್ನು ತಿದ್ದುತ್ತಾನೆ. ಮಕ್ಕಳಿಗೆ ಬರೆಯುವಾಗ ಮನಸ್ಸಿಗೆ ಬಂದದ್ದು ಬರೆದರೆ ನಡೆಯುವುದಿಲ್ಲ ಎಂದು ರಾಯ್ ನಗಿಸುತ್ತಲೇ ಹೇಳಿದ್ದಾರೆ.

ಮಕ್ಕಳೂ ಬಿಡಲಿಲ್ಲ. 'ನಯನ ರಹಸ್ಯ' ಫೆಲೂದಾನ ಕೊನೆಯ ಕಥೆಗಳಲ್ಲಿ ಒಂದು. ಅದು ಶುರುವಾಗುವಾಗಲೇ ಫೆಲೂದಾ ಸಪ್ಪಗೆ ಕೂತಿರುತ್ತಾನೆ. ಕಾರಣ, ಓದುಗ ಮಕ್ಕಳ ಕಾಗದಗಳು. ಮೊದಲಿನ ಹಾಗೆ ಈಗಿನ ಕಥೆಗಳು ರುಚಿಸುವುದಿಲ್ಲ ಎಂದು ದೂರು! ಜಗತ್ತೇ ಹೊಗಳಿದ ನಿರ್ದೇಶಕ ಮಕ್ಕಳ ಆ ದೂರನ್ನು ಬಚ್ಚಿಡಲಿಲ್ಲ, ಕಥೆಯೊಳಗೇ ತಂದು ಕೂರಿಸಿದರು.

ನಮ್ಮ ಕಡೆಯ ಮಕ್ಕಳಿಗೆ ಅಂಥ ವಿಳಾಸ ಇರಲಿಲ್ಲ. ಕಾಗದ ಬರೆಯಬೇಕೆಂದರೆ, ಕದ್ದು ಓದಿದ್ದನ್ನು ಒಪ್ಪಿಕೊಳ್ಳಬೇಕಲ್ಲ!

ಈಗ ಕದ್ದು ಓದುವ ಕಾಲ ಹೋಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ಶುರುವಾದ 'ಓದುವ ಬೆಳಕು' ಅಡಿಯಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ. ಕನ್ನಡದಲ್ಲಿ ಮಕ್ಕಳ ಕಾದಂಬರಿಗಳೂ ಬರುತ್ತಿವೆ. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ಕ್ಕೆ 2021ರ, ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ 2022ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂತು. ಹೆಸರು ಕೇಳಿದರೇ ಒಳಗೇನಿದೆ ಎಂಬ ಕುತೂಹಲ ಹುಟ್ಟುವ ಪುಸ್ತಕಗಳು ಇವು. ಸಂತೋಷದ ವಿಷಯವೇ. ಆದರೆ ಪುರಸ್ಕಾರ ಯಾವುದಕ್ಕೆ ಎಂದು ಕೂತು ಆರಿಸುವವರು ದೊಡ್ಡವರೇ. ಹನ್ನೊಂದು ವರ್ಷದ ಹುಡುಗಿಯೊಬ್ಬಳು "ನಡುವ ಬ್ಯಾಸರಾತು, ಕಡೀಕ ಚೊಲೋ ಐತಿ" ಎಂದರೆ ಅದನ್ನು ಬರೆದುಕೊಳ್ಳುವ ವಹಿ ಇನ್ನೂ ಇಲ್ಲ.

ಅರಿವು ಕೇಂದ್ರದ ಮೇಜಿನ ಮೇಲೆ ನೂರು ಪುಟದ ಒಂದು ವಹಿ, ದಾರ ಕಟ್ಟಿದ ಒಂದು ಪೆನ್ಸಿಲ್ ಇಟ್ಟರೆ ಸಾಕು. ಪುಸ್ತಕದ ಹೆಸರು, ಕಳ್ಳ ಯಾರಂತ ಯಾವ ಪುಟದಲ್ಲಿ ಗೊತ್ತಾಯಿತು, ಯಾರನ್ನು ನಂಬಿ ಮೋಸ ಹೋದೆ, ಇಷ್ಟೇ. ಹಸ್ತಾಕ್ಷರ ಚೆಂದ ಇಲ್ಲ ಎಂದು ತಿದ್ದಲು ಹೋಗಬೇಡಿ.

ಇನ್ನೊಂದು ವಿನಂತಿ. ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಹಳೆಯ ಪತ್ತೇದಾರಿ ಪುಸ್ತಕ ಸಿಕ್ಕರೆ ರದ್ದಿಗೆ ಹಾಕುವ ಮೊದಲು ಅಂಚುಗಳನ್ನು ಒಮ್ಮೆ ನೋಡಿ. ಪೆನ್ಸಿಲ್ಲಿನಲ್ಲಿ ಏನಾದರೂ ಬರೆದಿದ್ದರೆ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಯಾರಿಗೆ ಗೊತ್ತು, "ಇವನ ಕಳ್ಳ" ಎಂದು ಬರೆದವರು ನಿಮ್ಮ ಅಪ್ಪನೇ ಇರಬಹುದು.