ಹಿಡಿ ಹುಲ್ಲಿಗೆ ಸೋಲುವ ಜೆಟ್ ದೋಣಿ

ದೋಣಿಗೆ ಯಾವುದರಿಂದ ಅಪಾಯ ಎಂದು ಕೇಳಿದರೆ ಬಂಡೆ, ಸುಳಿ, ಬಿರುಗಾಳಿ ಎಂದು ಯಾರಾದರೂ ಹೇಳಿಯಾರು. ಒಂದು ಹಿಡಿ ಜೊಂಡು ಹುಲ್ಲಿನಿಂದ ಎಂದರೆ ನಂಬುವವರು ಕಡಿಮೆ. ಆದರೆ ಜೆಟ್ ದೋಣಿಯ ಮಟ್ಟಿಗೆ ಇದು ಅಕ್ಷರಶಃ ನಿಜ. ಗೇಣು ನೀರಿನಲ್ಲೂ ಹಾರಿದಂತೆ ಓಡುವ ದೋಣಿ ಇದು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ಪ್ರವಾಹಕ್ಕೆ ಎದುರಾಗಿ ಸಾಗಿದ್ದು, ಬಂಗಾಳ ಕೊಲ್ಲಿಯಿಂದ ಹೊರಟು ಗಂಗೆಯಲ್ಲಿ ಹಿಮಾಲಯದವರೆಗೆ ಏರಿದ್ದು ಇದೇ ದೋಣಿ. ಇಂಥದ್ದನ್ನು ನಡುಹೊಳೆಯಲ್ಲಿ ನಿಲ್ಲಿಸಿಬಿಡಲು ಕೊಳೆತ ಎಲೆ, ಹರಿದ ಹಗ್ಗ, ಪ್ಲಾಸ್ಟಿಕ್ ಚೀಲ ಯಾವುದಾದರೂ ಸಾಕು. ಈ ದೋಣಿಯ ಚರಿತ್ರೆ ವೇಗದ ಚರಿತ್ರೆಯಷ್ಟೇ ಅಲ್ಲ, ಕಸ ತೆಗೆಯುವ ಉಪಾಯಗಳ ಚರಿತ್ರೆಯೂ ಹೌದು.

ದೋಣಿಯೊಳಗೊಂದು ಪಂಪು

ಸಾಮಾನ್ಯ ಯಾಂತ್ರಿಕ ದೋಣಿಯ ಹಿಂಬದಿಯಲ್ಲಿ ನೀರಿನೊಳಗೆ ಪ್ರೊಪೆಲರ್, ಅಂದರೆ ರೆಕ್ಕೆಗಳುಳ್ಳ ಚಕ್ರ ತಿರುಗುತ್ತಿರುತ್ತದೆ. ಅದು ದೋಣಿಯ ತಳಕ್ಕಿಂತ ಕೆಳಗೆ ಚಾಚಿಕೊಂಡಿರುವುದರಿಂದ ಆಳವಿಲ್ಲದ ಕಡೆ ಕಲ್ಲಿಗೆ ಬಡಿದು ಮುರಿಯುತ್ತದೆ. ಜೆಟ್ ದೋಣಿಯಲ್ಲಿ ಹೊರಗೆ ಚಾಚಿದ್ದು ಏನೂ ಇಲ್ಲ. ಅದರ ತಳದಲ್ಲಿ ಒಂದು ಬಾಯಿ. ಒಳಗೆ ಎಂಜಿನ್ ತಿರುಗಿಸುವ ಪಂಪು. ಈ ಪಂಪು ಬಾಯಿಂದ ನೀರನ್ನು ಹೀರಿ, ಹಿಂಬದಿಯ ಕಿರಿದಾದ ಕೊಳವೆಯಿಂದ ರಭಸವಾಗಿ ಚಿಮ್ಮಿಸುತ್ತದೆ. ನೀರು ಹಿಂದಕ್ಕೆ, ದೋಣಿ ಮುಂದಕ್ಕೆ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕಣ್ಣಿಗೆ ಕಾಣುವಂತೆ ಕೆಲಸ ಮಾಡುತ್ತದೆ.

ಪಂಪಿನ ಹೃದಯವೇ ಇಂಪೆಲರ್. ನಮ್ಮ ತೋಟದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಈ ಹೆಸರು ಹೊಸದಲ್ಲ. ಫುಟ್‌ವಾಲ್ವಿನ ಜಾಲರಿಗೆ ಎಲೆ ಕಟ್ಟಿಕೊಂಡಾಗ ಮೋಟಾರು ಎಂದಿನಂತೆ ತಿರುಗುತ್ತಲೇ ಇದ್ದರೂ ನೀರು ಸಣ್ಣಗಾಗುವುದನ್ನು ಅವರು ಕಂಡಿರುತ್ತಾರೆ. ಜೆಟ್ ದೋಣಿಯಲ್ಲಿ ಆಗುವುದೂ ಅದೇ. ವ್ಯತ್ಯಾಸವೆಂದರೆ, ತೋಟದಲ್ಲಿ ನೀರು ನಿಂತರೆ ಬೆಳೆ ಒಂದು ದಿನ ಕಾಯಬಹುದು. ನದಿಯ ರಭಸದ ನಡುವೆ ದೋಣಿ ಕಾಯುವಂತಿಲ್ಲ. ಜೆಟ್ ದೋಣಿಗೆ ಬೇರೆ ಚುಕ್ಕಾಣಿ ಇಲ್ಲ. ಚಿಮ್ಮುವ ನೀರನ್ನೇ ಎಡಕ್ಕೋ ಬಲಕ್ಕೋ ತಿರುಗಿಸಿ ದೋಣಿಯ ದಿಕ್ಕು ಬದಲಿಸಬೇಕು. ಆದ್ದರಿಂದ ನೀರು ಚಿಮ್ಮುವುದು ನಿಂತರೆ ವೇಗ ಮಾತ್ರವಲ್ಲ, ದಿಕ್ಕಿನ ಮೇಲಿನ ಹಿಡಿತವೂ ತಪ್ಪುತ್ತದೆ. ಮುಂದೆ ಬಂಡೆ ಇದ್ದರೆ ಹೊಳೆ ಒಯ್ದ ಕಡೆಗೆ ದೋಣಿ ಹೋಗಬೇಕಾಗುತ್ತದೆ.

ಹಳೆಯ ಕನಸು

ನೀರನ್ನು ಚಿಮ್ಮಿಸಿ ದೋಣಿ ಓಡಿಸುವ ಕಲ್ಪನೆ ಹೊಸದಲ್ಲ. 1787ರಲ್ಲಿ ಅಮೆರಿಕದ ಜೇಮ್ಸ್ ರಮ್ಸೆ ಪೊಟೊಮ್ಯಾಕ್ ನದಿಯಲ್ಲಿ ಉಗಿಯಂತ್ರದ ಪಂಪಿನಿಂದ ಇಂಥ ದೋಣಿಯೊಂದನ್ನು ಓಡಿಸಿ ತೋರಿಸಿದ. 1866ರಲ್ಲಿ ಬ್ರಿಟಿಷ್ ನೌಕಾಪಡೆ ‘ವಾಟರ್‌ವಿಚ್’ ಎಂಬ ಯುದ್ಧನೌಕೆಗೆ ಪ್ರೊಪೆಲರ್ ಬದಲು ನೀರಿನ ಪಂಪನ್ನು ಅಳವಡಿಸಿತು. ಎರಡೂ ಪ್ರಯೋಗಗಳು ಕುತೂಹಲ ಹುಟ್ಟಿಸಿದವೇ ಹೊರತು ಪ್ರೊಪೆಲರನ್ನು ಸೋಲಿಸಲಿಲ್ಲ.

ಆದರೆ ಒಂದು ಕಡೆ ಈ ವಿಧಾನಕ್ಕೆ ನಿಜವಾದ ಅಗತ್ಯವಿತ್ತು. ಒಡೆದ ಹಡಗಿನಿಂದ ಜನರನ್ನು ಪಾರುಮಾಡಲು ಹೋಗುವ ಜೀವರಕ್ಷಕ ದೋಣಿಯ ಸುತ್ತ ನೀರಿನಲ್ಲಿ ತುಂಡಾದ ಹಗ್ಗ, ಹಾಯಿಬಟ್ಟೆ, ಮರದ ಚೂರುಗಳು ತೇಲುತ್ತಿರುತ್ತವೆ. ಪ್ರೊಪೆಲರಿಗೆ ಹಗ್ಗವೊಂದು ಸುತ್ತಿಕೊಂಡರೆ ಕಾಪಾಡಲು ಹೋದವರನ್ನೇ ಬೇರೆಯವರು ಕಾಪಾಡಬೇಕಾದೀತು. ಅಲ್ಲದೆ ದೊಡ್ಡ ಅಲೆಗಳಲ್ಲಿ ದೋಣಿಯ ಹಿಂಭಾಗ ಮೇಲೆದ್ದಾಗ ಪ್ರೊಪೆಲರ್ ಗಾಳಿಯಲ್ಲಿ ವೃಥಾ ತಿರುಗುತ್ತದೆ. ಈ ಕಾರಣಗಳಿಂದ ಬ್ರಿಟನ್ನಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ತನ್ನ ಮೊದಲ ಉಗಿಚಾಲಿತ ದೋಣಿ ‘ಡ್ಯೂಕ್ ಆಫ್ ನಾರ್ದಂಬರ್ಲೆಂಡ್’ಗೆ ನೀರು ಚಿಮ್ಮಿಸುವ ಪಂಪನ್ನೇ ಆರಿಸಿಕೊಂಡಿತು. 1890ರಲ್ಲಿ ಸೇವೆಗೆ ಬಂದ ಈ ದೋಣಿ 1923ರವರೆಗೂ ದುಡಿಯಿತು.

ಕಸದಿಂದ ತಪ್ಪಿಸಿಕೊಳ್ಳಲೆಂದೇ ಪ್ರೊಪೆಲರನ್ನು ಬಿಟ್ಟು ಪಂಪನ್ನು ಆರಿಸಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ಹಾಗೆಂದು ಕಸದ ಕಾಟ ಪೂರ್ತಿ ತೀರುವಂತಿರಲಿಲ್ಲ. ಹೊರಗೆ ತಿರುಗುವ ಚಕ್ರಕ್ಕೆ ಸುತ್ತಿಕೊಳ್ಳುತ್ತಿದ್ದುದು, ನೀರು ಹೀರುವ ಬಾಯಿಗೆ ಬಂದು ಅಂಟಿಕೊಳ್ಳಬಹುದಿತ್ತು. ತೊಂದರೆಯ ಜಾಗ ಬದಲಾಯಿತು ಅಷ್ಟೆ.

ಕುರಿಗಾಹಿಯ ಪ್ರಯೋಗ

ಇಂದಿನ ಜೆಟ್ ದೋಣಿಗೆ ರೂಪ ಕೊಟ್ಟವನು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್. 1899ರಲ್ಲಿ ಹುಟ್ಟಿದ ಈತ 1921ರಲ್ಲಿ ದಕ್ಷಿಣ ದ್ವೀಪದ ಮೆಕೆಂಜಿ ಪ್ರದೇಶದಲ್ಲಿ ಐರಿಷ್‌ಮನ್ ಕ್ರೀಕ್ ಎಂಬ ಕುರಿ ಸಾಕಣೆಯ ಎಸ್ಟೇಟನ್ನು ಕೊಂಡ. ಕುರಿಗಳಿಗಿಂತ ಯಂತ್ರಗಳ ಮೇಲೆ ಈತನಿಗೆ ಒಲವು ಹೆಚ್ಚು. ಎಸ್ಟೇಟಿನಲ್ಲೇ ವರ್ಕ್‌ಶಾಪ್ ಕಟ್ಟಿಕೊಂಡು ಮಣ್ಣು ಅಗೆಯುವ ಯಂತ್ರಗಳನ್ನು ತಯಾರಿಸುತ್ತಿದ್ದ.

ಆ ಸೀಮೆಯ ನದಿಗಳ ಸ್ವಭಾವವೇ ಬೇರೆ. ಹಿಮಪರ್ವತಗಳಿಂದ ಇಳಿದು ಬರುವ ಅವು ಅಗಲವಾದ ಜಲ್ಲಿಕಲ್ಲಿನ ಪಾತ್ರದಲ್ಲಿ ಜಡೆಯ ಎಳೆಗಳಂತೆ ಕವಲೊಡೆದು, ಮತ್ತೆ ಕೂಡಿ ಹರಿಯುತ್ತವೆ. ಸೆಳವು ಬಲು ಜೋರು, ಆಳ ಮಾತ್ರ ಮೊಣಕಾಲಿನಷ್ಟೂ ಇರುವುದಿಲ್ಲ. ಪ್ರೊಪೆಲರ್ ದೋಣಿಗೆ ಇದು ಸಾಧ್ಯವಾಗದ ದಾರಿ. ಇಂಥ ನದಿಯಲ್ಲಿ ಮೇಲ್ಮುಖವಾಗಿ ಹೋಗಬಲ್ಲ ದೋಣಿ ಬೇಕೆಂಬುದು ಹ್ಯಾಮಿಲ್ಟನ್ನನ ಹಟ.

1950ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದಲ್ಲಿ ಬಳಕೆಗೆ ಬಂದಿದ್ದ ಒಂದು ಜೆಟ್ ಪಂಪಿನ ಮಾದರಿಯನ್ನು ಆತ ಅನುಸರಿಸಿದ. ಅದು ನೀರನ್ನು ದೋಣಿಯ ತಳದ ಕೆಳಗೇ ಚಿಮ್ಮಿಸುತ್ತಿತ್ತು. ದೋಣಿ ಸಾಗಿತು, ಆದರೆ ಆಮೆಯ ನಡಿಗೆ. ಹ್ಯಾಮಿಲ್ಟನ್ ಮಾಡಿದ ಬದಲಾವಣೆ ಸಣ್ಣದು, ಪರಿಣಾಮ ದೊಡ್ಡದು. ನೀರನ್ನು ದೋಣಿಯ ಹಿಂಬದಿಯಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗಾಳಿಯಲ್ಲಿ ಚಿಮ್ಮುವಂತೆ ಮಾಡಿದ. ತಳದ ಕೆಳಗಿದ್ದ ಕೊಳವೆಯ ತಡೆ ಹೋಯಿತು, ವೇಗ ಒಮ್ಮೆಲೇ ಏರಿತು. 1954ರಿಂದ ಹ್ಯಾಮಿಲ್ಟನ್ ಜೆಟ್‌ನ ಇತಿಹಾಸವನ್ನು ಎಣಿಸುವುದು ವಾಡಿಕೆ. ಕೆಲವೇ ವರ್ಷಗಳಲ್ಲಿ ಬಾವಿ ಪಂಪಿನಂಥ ಇಂಪೆಲರ್ ಹೋಗಿ, ನೀರು ನೇರವಾಗಿ ಹಾದುಹೋಗುವ ತಿರುಪಿನಾಕಾರದ ಇಂಪೆಲರ್ ಬಂತು. ತಾನು ಜೆಟ್ಟನ್ನು ಕಂಡುಹಿಡಿದವನಲ್ಲ, ಆ ಗೌರವ ಆರ್ಕಿಮಿಡೀಸನಿಗೆ ಸಲ್ಲಬೇಕು ಎಂಬರ್ಥದ ಮಾತನ್ನು ಹ್ಯಾಮಿಲ್ಟನ್ ಆಡುತ್ತಿದ್ದ. ನೀರೆತ್ತಲು ತಿರುಪನ್ನು ಬಳಸಿದ ಕೀರ್ತಿ ಆ ಗ್ರೀಕನದಲ್ಲವೇ!

ಜಾಲರಿಯ ಇಕ್ಕಟ್ಟು

ದೋಣಿ ಕಲ್ಲಿನ ಮೇಲೆ ಓಡುವುದನ್ನು ಕಲಿತದ್ದಾಯಿತು. ಇನ್ನು ಕಲ್ಲು ನುಂಗದಿರುವುದನ್ನು ಕಲಿಯಬೇಕಿತ್ತು. ನೀರು ಹೀರುವ ಬಾಯಿಗೆ ಉದ್ದುದ್ದ ಸರಳುಗಳ ಜಾಲರಿ ಹಾಕುವುದು ಇದಕ್ಕೆ ಉಪಾಯ. ಆದರೆ ಸರಳುಗಳ ನಡುವೆ ಎಷ್ಟು ಜಾಗ ಬಿಡಬೇಕು? ಹತ್ತಿರ ಹತ್ತಿರ ಇಟ್ಟರೆ ಸಣ್ಣ ಕಲ್ಲೂ ಒಳಹೋಗದು. ಆದರೆ ಹುಲ್ಲು ಬೇಗ ಕಟ್ಟಿಕೊಳ್ಳುತ್ತದೆ, ನೀರಿನ ಹರಿವಿಗೂ ತಡೆ. ದೂರ ಇಟ್ಟರೆ ಹುಲ್ಲು ಸಲೀಸಾಗಿ ಹಾದುಹೋಗುತ್ತದೆ. ಜೊತೆಗೆ ಕಲ್ಲೂ ನುಗ್ಗುತ್ತದೆ. ಎರಡನ್ನೂ ತೃಪ್ತಿಪಡಿಸುವ ಜಾಲರಿ ಇಲ್ಲ. ಯಾವ ನದಿಯಲ್ಲಿ ಏನು ಹೆಚ್ಚು ಎಂದು ನೋಡಿ ರಾಜಿ ಮಾಡಿಕೊಳ್ಳಬೇಕು.

ಕಲ್ಲು ಒಳಹೊಕ್ಕರೆ ಇಂಪೆಲರಿನ ಅಂಚು ಜಜ್ಜುತ್ತದೆ. ಇಂಪೆಲರಿಗೂ ಅದರ ಸುತ್ತಲಿನ ಬಳೆಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು ಎನ್ನುವಂತೆ ಕಿರಿದು. ಮರಳು ಇದನ್ನು ದಿನದಿನವೂ ಸವೆಸಿ ಅಗಲ ಮಾಡುತ್ತದೆ. ಸಂದು ಹೆಚ್ಚಿದಷ್ಟೂ ನೀರು ಹಿಂದಕ್ಕೆ ಸೋರಿ ದೋಣಿಯ ಬಲ ಕುಗ್ಗುತ್ತದೆ. ಆದ್ದರಿಂದಲೇ ಅನುಭವಿ ಚಾಲಕರು ಜಲ್ಲಿಯ ಮೇಲೆ ದೋಣಿ ನಿಂತಿರುವಾಗ ಎಂಜಿನ್ನಿನ ವೇಗ ಏರಿಸುವುದಿಲ್ಲ. ನಿಂತಲ್ಲೇ ಪಂಪು ಜೋರಾಗಿ ಹೀರಿದರೆ ತಳದ ಕಲ್ಲೂ ಮರಳೂ ಎದ್ದು ಬರುತ್ತವೆ. ದೋಣಿಯನ್ನು ಆಳಕ್ಕೆ ತಳ್ಳಿ, ನಿಧಾನವಾಗಿ ಹೊರಟು, ಆಮೇಲೆ ವೇಗ ಹಿಡಿಯುವುದು ಕ್ರಮ.

ಕಸ ಸಿಕ್ಕಿದರೆ

ಕಸ ಸಿಕ್ಕಿದ್ದು ಮೊದಲು ಕಿವಿಗೆ ತಿಳಿಯುತ್ತದೆ. ಎಂಜಿನ್ ಅರಚಿಕೊಳ್ಳುತ್ತದೆ, ದೋಣಿ ಮಾತ್ರ ನಿಧಾನವಾಗುತ್ತದೆ. ಪಂಪಿಗೆ ಸಾಕಷ್ಟು ನೀರು ಸಿಗದೆ ಇಂಪೆಲರಿನ ಸುತ್ತ ಆವಿಯ ಗುಳ್ಳೆಗಳೇಳುವುದು ಇದಕ್ಕೆ ಕಾರಣ. ದೋಣಿ ಗಡಗಡ ನಡುಗಿದರೆ ಇಂಪೆಲರಿನ ಎಲೆಗಳ ನಡುವೆಯೇ ಏನೋ ಸಿಕ್ಕಿದೆ ಎಂದು ಅರ್ಥ.

ಪ್ರೊಪೆಲರ್ ದೋಣಿಯಾದರೆ ಎಂಜಿನ್ನನ್ನು ಹಿಂದಕ್ಕೆ ತಿರುಗಿಸಿ ಸುತ್ತಿದ ಹುಲ್ಲನ್ನು ಬಿಚ್ಚಲು ನೋಡಬಹುದು. ಸಾಮಾನ್ಯ ಜೆಟ್ ದೋಣಿಯಲ್ಲಿ ಇದು ನಡೆಯದು. ಹಿಂದಕ್ಕೆ ಹೋಗಬೇಕಾದಾಗ ಅದರ ಇಂಪೆಲರ್ ಹಿಮ್ಮುಖವಾಗಿ ತಿರುಗುವುದಿಲ್ಲ. ಚಿಮ್ಮುವ ನೀರಿಗೆ ಬಕೆಟ್ಟಿನಂಥ ತಟ್ಟೆಯೊಂದು ಅಡ್ಡ ಬಂದು ಅದನ್ನು ಮುಂದಕ್ಕೆ ತಿರುಗಿಸುತ್ತದೆ. ಪಂಪು ಮಾತ್ರ ಹೀರುತ್ತಲೇ ಇರುತ್ತದೆ, ಕಸ ಇನ್ನಷ್ಟು ಬಿಗಿಯಾಗುತ್ತದೆ.

ಹೀಗಾಗಿ ಮೊದಲ ಮದ್ದೆಂದರೆ ಸುರಕ್ಷಿತ ಜಾಗ ನೋಡಿ ಎಂಜಿನ್ ನಿಲ್ಲಿಸುವುದು. ಹೀರುವ ಬಲ ನಿಂತಾಗ ಜಾಲರಿಗೆ ಅಂಟಿದ ಹುಲ್ಲು ಬಹಳ ಸಲ ತಾನಾಗಿಯೇ ಕಳಚಿ ಬೀಳುತ್ತದೆ. ಬೀಳದಿದ್ದರೆ ಬಾಚಣಿಗೆಯಂಥ ಕುಂಟೆ ಇದೆ. ಅದರ ಹಲ್ಲುಗಳು ಜಾಲರಿಯ ಸರಳುಗಳ ನಡುವೆ ಓಡಾಡಿ ಕಸವನ್ನು ಕೆಳಕ್ಕೆ ತಳ್ಳುತ್ತವೆ. ಇದನ್ನು ದೋಣಿಯೊಳಗಿನಿಂದಲೇ ಸನ್ನೆಗೋಲಿನಿಂದ ಆಡಿಸಬಹುದು.

ಇದಕ್ಕೂ ಬಗ್ಗದ ಕಸಕ್ಕೆ ಕೈಯೇ ಗತಿ. ಪಂಪಿನ ಮೇಲ್ಭಾಗದಲ್ಲಿ ಮುಚ್ಚಳವಿರುವ ಕಿಂಡಿಯೊಂದನ್ನು ಇಟ್ಟಿರುತ್ತಾರೆ. ನಿಂತ ದೋಣಿಯಲ್ಲಿ ಹೊರಗಿನ ನೀರಿನ ಮಟ್ಟಕ್ಕಿಂತ ಈ ಕಿಂಡಿಯ ಬಾಯಿ ಎತ್ತರದಲ್ಲಿರಬೇಕು. ಇಲ್ಲವಾದರೆ ಮುಚ್ಚಳ ತೆಗೆದೊಡನೆ ಹೊಳೆಯೇ ಒಳಗೆ ಬಂದೀತು. ದೋಣಿಯಲ್ಲಿ ಹೆಚ್ಚು ಭಾರವಿದ್ದಾಗ ಇದನ್ನು ಮರೆಯುವಂತಿಲ್ಲ. ಕೈ ಹಾಕುವ ಮುನ್ನ ಎಂಜಿನ್ ನಿಲ್ಲಿಸಿದರೆ ಸಾಲದು, ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಬೇರೆಯವರು ಅರಿಯದೆ ಎಂಜಿನ್ ಚಾಲೂ ಮಾಡಿದರೆ ಒಳಗಿರುವ ಕೈ ಉಳಿಯುವುದಿಲ್ಲ.

ಕಸಗಳಲ್ಲೆಲ್ಲ ಕೆಟ್ಟದ್ದು ಹಗ್ಗ. ಅದು ತಿರುಗುವ ದಂಡಕ್ಕೆ ಸುತ್ತು ಸುತ್ತಾಗಿ ಬಿಗಿದುಕೊಳ್ಳುತ್ತದೆ. ಎಳೆದಷ್ಟೂ ಬಿಗಿ. ಚೂರಿಯಿಂದ ಒಂದೊಂದೇ ಸುತ್ತನ್ನು ಕತ್ತರಿಸಿ ತೆಗೆಯಬೇಕು. ಕಲ್ಲು ಸಿಕ್ಕಿದ್ದರೆ ದಂಡವನ್ನು ಕೈಯಿಂದ ಹಿಮ್ಮುಖವಾಗಿ ತಿರುಗಿಸಿ ಸಡಿಲಿಸಬೇಕು. ಕೊನೆಗೆ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬೇಕು. ಸಂದಿನಿಂದ ಗಾಳಿ ನುಗ್ಗಿದರೆ ಪಂಪು ನೀರಿನ ಬದಲು ಗಾಳಿಯನ್ನೇ ಹೀರುತ್ತದೆ. ಯಾವುದೂ ಫಲಿಸದಿದ್ದರೆ ದೋಣಿಯನ್ನು ದಡಕ್ಕೆಳೆದು ಅಡಿಯಿಂದ ಕೈ ಹಾಕುವುದೇ ಉಳಿದ ದಾರಿ.

ಕೊಲರಾಡೊದಿಂದ ಗಂಗೆಗೆ

ಇಷ್ಟೆಲ್ಲ ರಗಳೆಯಿದ್ದರೂ ಜೆಟ್ ದೋಣಿಯ ಕೀರ್ತಿ ಬೆಳೆಯಿತು. 1960ರಲ್ಲಿ ಹ್ಯಾಮಿಲ್ಟನ್ನನ ಮಗ ಜಾನ್ ಹ್ಯಾಮಿಲ್ಟನ್ ಮತ್ತು ಸಂಗಡಿಗರು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೊ ನದಿಯನ್ನು ಮೇಲ್ಮುಖವಾಗಿ ಏರಿದರು. ಎವರೆಸ್ಟ್ ವೀರ ಎಡ್ಮಂಡ್ ಹಿಲರಿ 1968ರಲ್ಲಿ ನೇಪಾಳದ ಸುನ್‌ಕೋಸಿ ನದಿಯಲ್ಲಿ ಜೆಟ್ ದೋಣಿಗಳನ್ನು ಓಡಿಸಿದರು.

ಭಾರತದ ಪಾಲಿಗೆ ನೆನಪಿನಲ್ಲುಳಿದದ್ದು 1977ರ ‘ಸಾಗರದಿಂದ ಆಕಾಶಕ್ಕೆ’ ಯಾತ್ರೆ. ಆ ವರ್ಷದ ಆಗಸ್ಟ್‌ನಲ್ಲಿ ಹಿಲರಿ ತಂಡ ‘ಗಂಗಾ’, ‘ಕಿವಿ’, ‘ಏರ್ ಇಂಡಿಯಾ’ ಎಂಬ ಮೂರು ಜೆಟ್ ದೋಣಿಗಳಲ್ಲಿ ಗಂಗೆಯ ಮುಖಜದಿಂದ ಹೊರಟಿತು. ದೋಣಿ ನಡೆಸುವ ಮುಖ್ಯ ಹೊಣೆ ಜಾನ್ ಹ್ಯಾಮಿಲ್ಟನ್‌ದು. 1965ರ ಭಾರತೀಯ ಎವರೆಸ್ಟ್ ತಂಡದ ನಾಯಕರಾಗಿದ್ದ ಎಂ.ಎಸ್. ಕೊಹ್ಲಿ ಕೂಡ ಜೊತೆಗಿದ್ದರು. ಕಲ್ಕತ್ತೆ, ಪಟ್ನಾ, ವಾರಾಣಸಿ, ಹರಿದ್ವಾರ ದಾಟಿ, ಹಿಮಾಲಯದ ಕಣಿವೆಗಳನ್ನು ಏರಿ, ನಂದಪ್ರಯಾಗದ ಬಳಿ ಜಲಪಾತವೊಂದು ಅಡ್ಡ ಬಂದಾಗಲೇ ದೋಣಿಗಳು ನಿಂತದ್ದು. ಕ್ರಮಿಸಿದ ದೂರ ಸುಮಾರು 2,400 ಕಿ.ಮೀ.

ಮಳೆಗಾಲದ ಗಂಗೆ ಎಂದರೆ ಹೂಳು, ಮರದ ಕೊಂಬೆ, ಕಿತ್ತುಬಂದ ಹುಲ್ಲು, ಘಟ್ಟಗಳಿಂದ ತೇಲಿಬಿಟ್ಟ ಹೂಮಾಲೆ ಎಲ್ಲವನ್ನೂ ಹೊತ್ತು ತರುವ ನದಿ. ಕಮರಿಯ ಸೆಳವಿನಲ್ಲಿ ದೋಣಿಯ ಶಕ್ತಿ ಎಷ್ಟು ಮುಖ್ಯವೋ ಅದರ ಬಾಯಿ ಸ್ವಚ್ಛವಾಗಿರುವುದೂ ಅಷ್ಟೇ ಮುಖ್ಯ. 1974ರಲ್ಲಿ ನೈಟ್ ಪದವಿ ಪಡೆದಿದ್ದ ಬಿಲ್ ಹ್ಯಾಮಿಲ್ಟನ್, ಗಂಗೆಯ ಯಾತ್ರೆ ಮುಗಿದ ಮರುವರ್ಷ, 1978ರಲ್ಲಿ ತೀರಿಕೊಂಡ.

ಕಸಕ್ಕೆ ಹೊಸ ಅರ್ಥ

ಬಹುಕಾಲ ಜಾಲರಿಯ ಕಸ ದೋಣಿಯವನ ತಲೆನೋವು ಮಾತ್ರವಾಗಿತ್ತು. ಕಿತ್ತು ನೀರಿಗೆಸೆದರೆ ಮುಗಿಯಿತು. 2004ರಲ್ಲಿ ಈ ಲೆಕ್ಕ ಬದಲಾಯಿತು. ಆ ವರ್ಷ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಉತ್ತರ ಗೋಳಾರ್ಧ ಮೂಲದ ಈ ಪಾಚಿ ಒದ್ದೆ ಉಣ್ಣೆಯ ಹಾಗೆ ನದಿಯ ಕಲ್ಲುಗಳನ್ನು ಮುಸುಕುತ್ತದೆ. ಒಂದು ಹನಿ ನೀರಿನಲ್ಲಿ, ಕಣ್ಣಿಗೆ ಕಾಣದ ಕಣದ ರೂಪದಲ್ಲೂ ಅದು ಇನ್ನೊಂದು ನದಿಗೆ ಹೋಗಿ ಬೇರೂರಬಲ್ಲದು. ಇಂದು ಒಂದು ಹೊಳೆಯಲ್ಲಿ, ನಾಳೆ ಇನ್ನೊಂದರಲ್ಲಿ ಇಳಿಯುವ ದೋಣಿಯ ಪಂಪಿನಲ್ಲಿ ಉಳಿದ ಹಿಡಿ ಹುಲ್ಲು ಅದಕ್ಕೆ ಒಳ್ಳೆಯ ವಾಹನ.

ಅಲ್ಲಿನ ಸರ್ಕಾರ ‘ಪರೀಕ್ಷಿಸಿ, ತೊಳೆಯಿರಿ, ಒಣಗಿಸಿ’ ಎಂಬ ಪ್ರಚಾರವನ್ನು ಕೈಗೊಂಡಿತು. ಸಿಕ್ಕಿದ ಕಸವನ್ನೆಲ್ಲ ಅದೇ ನದಿಯ ದಡದಲ್ಲಿ ಬಿಟ್ಟುಬರಬೇಕು, ದೋಣಿಯನ್ನು ತೊಳೆಯಬೇಕು, ಒಣಗಿದ ಮೇಲೂ 48 ಗಂಟೆ ಬಿಡಬೇಕು ಎಂಬುದು ಅದರ ಸಾರ. ಯಾರೂ ಹೋಗಲಾಗದ ನದಿಗಳಿಗೆ ಮನುಷ್ಯನನ್ನು ಒಯ್ದ ದೋಣಿ, ಜೊತೆಗೆ ಯಾರಿಗೂ ಬೇಡದ್ದನ್ನೂ ಒಯ್ಯಬಹುದು ಎಂಬ ತಿಳಿವಳಿಕೆ ಇದರ ಹಿಂದಿದೆ. ಮೊದಲು ತನ್ನ ದೋಣಿ ಉಳಿಯಲೆಂದು ಕಿಂಡಿಯೊಳಗೆ ಕೈ ಹಾಕುತ್ತಿದ್ದ ಚಾಲಕ ಈಗ ಮುಂದಿನ ನದಿಯೂ ಉಳಿಯಲೆಂದು ಕೈ ಹಾಕಬೇಕಾಗಿದೆ.